ಕಿವಿಗೆ ಕೆಲಸ, ಕಾಲಿಗೆ ರಜೆ

ಸಂಜೆ ಆರರ ಹೊತ್ತಿಗೆ ದಾದರಿನಲ್ಲಿ ಠಾಣೆ ಸ್ಲೋ ಗಾಡಿ ಹತ್ತುವ ಹೆಂಗಸಿನ ಕೈಯಲ್ಲಿ ಏನಿರಬಹುದು, ಏನಿರಕೂಡದು ಎಂಬುದಕ್ಕೆ ಮುಂಬಯಿಯಲ್ಲಿ ಬರೆಯದ ಶಾಸ್ತ್ರವೊಂದಿದೆ. ಕೊಡೆ ಇರಬಹುದು, ಊಟದ ಡಬ್ಬಿ ಇರಬಹುದು. ಕಂಕುಳಲ್ಲಿ ಮಗುವಿದ್ದರೆ ನಾಲ್ಕನೆಯ ಸೀಟಿನ ತುದಿಯೂ ಸಿಕ್ಕೀತು. ಚೌತಿಯ ಮುನ್ನಾದಿನ ಹೂವಿನ ಬುಟ್ಟಿ, ಬಾಳೆಕಂದುಗಳಿಗೂ ಮಾಫಿ ಉಂಟು. ಸುರುಳಿ ಸುತ್ತಿದ ಯೋಗದ ಚಾಪೆಗೆ ಮಾತ್ರ ಕ್ಷಮೆಯಿಲ್ಲ. ಹಿಂದಿನವರ ಮೂಗು, ಮುಂದಿನವರ ಜಡೆ, ಪಕ್ಕದವರ ಪಕ್ಕೆ ಮೂರಕ್ಕೂ ಏಕಕಾಲದಲ್ಲಿ ತಾಗುವ ವಿಶೇಷ ಆಕಾರ ಅದರದು. ‘ಏ ಬಾಯಿ, ಪೈಪ್ ಲೇಕೆ ಕಹಾಂ ಜಾ ರಹೀ ಹೋ?’ ಎಂದು ಒಬ್ಬಳು ಕೇಳಿದಳು. ನನ್ನನ್ನು ಪ್ಲಂಬರ್ ಎಂದುಕೊಂಡಳೋ ಏನೋ. ಯೋಗದ್ದು ಎಂದೆ. ಈ ಗರ್ದಿಯಲ್ಲಿ ಒಂಟಿಗಾಲಲ್ಲಿ ನಿಂತು ಮನೆ ಮುಟ್ಟುವವರಿಗೆ ಇನ್ನೆಂಥ ಯೋಗ ಎಂದು ಡಬ್ಬಿಯ ಆ ಮೂಲೆಯಿಂದ ತೀರ್ಪು ಬಂತು.

ವಿಕ್ರೋಳಿ ದಾಟಿದ ಮೇಲೆ ಬಾಗಿಲ ಬಳಿ ನೆಲದಲ್ಲಿ ಕೂತಿದ್ದ ಮೂವರು ಕೈಚಾಚಿ ಚಾಪೆ ಇಸಿದುಕೊಂಡರು. ಬಿಚ್ಚಿ ಹಾಸಿದರು. ಮುಂಬಯಿಯ ಹೆಂಗಸರ ಡಬ್ಬಿಯಲ್ಲಿ ರಾತ್ರಿಯ ಅಡುಗೆಯ ಅರ್ಧ ಕೆಲಸ ಗಾಡಿಯಲ್ಲೇ ಮುಗಿಯುತ್ತದೆಂದು ನಿಮಗೆ ಗೊತ್ತಿರಬಹುದು. ಒಬ್ಬಳು ಚೀಲದಿಂದ ಮೇಥಿ ಸೊಪ್ಪಿನ ಕಟ್ಟು ತೆಗೆದಳು, ಇನ್ನೊಬ್ಬಳು ಬಟಾಣಿ. ಮುಲುಂಡ್ ಬರುವಷ್ಟರಲ್ಲಿ ಸೊಪ್ಪು ಬಿಡಿಸಿ, ಕಡ್ಡಿ ಬೇರೆ ಮಾಡಿ, ಚಾಪೆ ಕೊಡವಿ, ಸುರುಳಿ ಸುತ್ತಿ ನನ್ನ ಕಂಕುಳಿಗೆ ಸಿಕ್ಕಿಸಿ ‘ಉತರೋ ಉತರೋ’ ಎಂದು ನೂಕಿಯೂ ಆಯಿತು. ಮುಂದಿನ ತರಗತಿಯಲ್ಲಿ ಬೋರಲು ಮಲಗಿ ‘ಉಸಿರನ್ನು ಆಳವಾಗಿ ಎಳೆದುಕೊಳ್ಳಿ’ ಎಂದಾಗ ನಾನು ಎಳೆದುಕೊಂಡದ್ದು ಮೇಥಿ ಪರಾಠೆಯ ಪರಿಮಳ. ಚಿತ್ತವೃತ್ತಿಯೆಲ್ಲ ಅಡುಗೆಮನೆ ಸೇರಿತು.

ಐವತ್ತು ದಾಟಿದ, ಮಂಡಿ ಮಡಚಿದರೆ ಲಟಕ್ ಎನ್ನುವ ಕುಮಟೆಯ ಹೆಂಗಸೊಬ್ಬಳು ಚಾಪೆ ಹೊತ್ತು ಲೋಕಲ್ ಗಾಡಿಯಲ್ಲಿ ಯಾಕೆ ತಿರುಗಬೇಕು? ಅದಕ್ಕೆ ನನ್ನ ಉದ್ಯೋಗ ಕಾರಣ. ಮಧ್ಯ ಮುಂಬಯಿಯ ಒಂದು ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ನಾನು ಕೌನ್ಸೆಲರ್. ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತರೆ ಸಂಜೆವರೆಗೆ ಒಬ್ಬರಾದ ಮೇಲೆ ಒಬ್ಬರು ಎದುರಿನ ಕುರ್ಚಿಗೆ ಬರುತ್ತಾರೆ. ಪರೀಕ್ಷೆಯಲ್ಲಿ ಬಿದ್ದವರು, ಪರೀಕ್ಷೆಯಲ್ಲಿ ಗೆದ್ದೂ ನಿದ್ದೆ ಬಾರದವರು, ಮಾತು ಬಿಟ್ಟ ಗಂಡಂದಿರು, ಮಾತು ನಿಲ್ಲಿಸದ ಅತ್ತೆಯಂದಿರು, ಮತ್ತು ಇದೆಲ್ಲಕ್ಕಿಂತ ಎಷ್ಟೋ ಭಾರವಾದದ್ದನ್ನು ತಂದು ನಡುಗುವ ಕೈಯಲ್ಲಿ ಇಳಿಸುವವರು. ನನ್ನ ಕೆಲಸ ಕೇಳುವುದು. ಊರಿಗೆ ಹೋದಾಗ ನನ್ನ ಸೋದರತ್ತೆ ಇದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ‘ಇವಳಿಗೆ ಕೂತಲ್ಲೇ ಸಂಬಳ.’ ಅತ್ತೆ ಹೇಳುವುದು ಸುಳ್ಳಲ್ಲ. ಈ ವೃತ್ತಿಯಲ್ಲಿ ವ್ಯಾಯಾಮ ಪಡೆಯುವ ಅಂಗವೆಂದರೆ ಕತ್ತು ಒಂದೇ. ‘ಹೂಂ, ಆಮೇಲೆ?’ ಎನ್ನುವಾಗ ಅದು ಮೇಲೆ ಕೆಳಗೆ ಆಡುತ್ತದೆ. ಕಣ್ಣು ಆಗಾಗ ಎದುರಿನವರ ತಲೆಯ ಹಿಂದಿನ ಗೋಡೆ ಗಡಿಯಾರಕ್ಕೆ ಹೋಗಿ ಬರುತ್ತದೆ. ಆ ಗಡಿಯಾರವನ್ನು ಅಲ್ಲಿ ತೂಗುಹಾಕುವುದರಲ್ಲಿ ಒಂದು ಕಲೆಯಿದೆ. ನಮಗೆ ಕಾಣಬೇಕು, ನಾವು ನೋಡಿದ್ದು ಅವರಿಗೆ ಕಾಣಬಾರದು.

ಕೂತು ಕೇಳಿದರೆ ದೇಹಕ್ಕೆ ಏನಾಗುತ್ತದೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ದಂತವೈದ್ಯರಿಂದ. ದವಡೆ ಕಚ್ಚಿ ಕಚ್ಚಿ ಹಲ್ಲು ಸವೆದಿದೆ, ರಾತ್ರಿ ಹಲ್ಲು ಕಡಿಯುತ್ತೀರಾ ಎಂದು ಅವರು ಕೇಳಿದರು. ರಾತ್ರಿಯಲ್ಲ ಸ್ವಾಮಿ, ಹಗಲು, ಹನ್ನೊಂದರಿಂದ ಐದರವರೆಗೆ. ಎದುರಿಗಿದ್ದವರು ಅಳುವಾಗ ನಾವು ಅಳಬಾರದು, ಸಿಟ್ಟು ತರಿಸುವ ಕತೆ ಹೇಳುವಾಗ ಕುರ್ಚಿಯಿಂದ ಏಳಬಾರದು. ಏಳದ ಕಾಲು, ಎತ್ತದ ಕೈ, ಆಡದ ಮಾತು ಎಲ್ಲ ಸೇರಿ ಹೆಗಲಲ್ಲಿ ಗಂಟು ಕಟ್ಟುತ್ತವೆ. ಕೇಳಿದ ದುಃಖಗಳು ಜುಲೈ ತಿಂಗಳಲ್ಲಿ ಮುಂಬಯಿಯ ಫ್ಲ್ಯಾಟಿನೊಳಗೆ ಹಗ್ಗ ಕಟ್ಟಿ ಹರವಿದ ಬಟ್ಟೆಯಂತೆ. ಎಷ್ಟು ದಿನವಾದರೂ ತೇವ ಹೋಗುವುದಿಲ್ಲ, ಮನೆಗೆಲ್ಲ ವಾಸನೆ. ಫೋನಿನಲ್ಲಿ ಕೇಳುವವರದ್ದು ಇನ್ನೂ ಕಷ್ಟ. ನಮ್ಮ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯವರು 2012ರಿಂದ ‘ಐಕಾಲ್’ ಸಹಾಯವಾಣಿ ನಡೆಸುತ್ತಿದ್ದಾರೆ. ಸರ್ಕಾರದ ‘ಟೆಲಿ ಮಾನಸ್’ 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದಕ್ಕೆ ದಾರಿ ತೋರುವ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಅಂಥ ಕಡೆ ಕೂತವರಿಗೆ ಎದುರಿನವರ ಮುಖವೂ ಇಲ್ಲ, ಹೋಗುವಾಗ ಹಗುರಾಗಿ ಹೋದರೋ ಇಲ್ಲವೋ ಎಂಬ ಗುರುತೂ ಇಲ್ಲ. ಕರೆ ಕಟ್ಟಾಯಿತು, ಮುಂದಿನದು ಬಂತು.

ಇಂಥ ದಣಿವಿಗೆ ‘ಬರ್ನ್‌ಔಟ್’ ಎಂಬ ಹೆಸರನ್ನು ಚಾಲ್ತಿಗೆ ತಂದವರು ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಅವರು ಮನಶ್ಶಾಸ್ತ್ರಜ್ಞರೇ. ನ್ಯೂಯಾರ್ಕಿನಲ್ಲಿ ಹಗಲಿಗೆ ತಮ್ಮ ಸ್ವಂತ ರೋಗಿಗಳನ್ನು ನೋಡಿ, ರಾತ್ರಿಗೆ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿದು, ತಾವೂ ತಮ್ಮ ಜೊತೆಯವರೂ ಹೈರಾಣಾದದ್ದನ್ನು ಕಂಡು 1974ರಲ್ಲಿ ಅದರ ಬಗ್ಗೆ ಬರೆದರು. ಅಂದರೆ ಪರರ ಮನಸ್ಸು ರಿಪೇರಿ ಮಾಡುವವರ ನಡುವೆಯೇ ಈ ಸಂಗತಿ ಮೊದಲು ಪತ್ತೆಯಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದನ್ನು ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ ವಿವರವಾಗಿ ಸೇರಿಸಿತು. ಆದರೆ ಕಾಯಿಲೆಯೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿಯೆಂದು. ಆಡಳಿತದವರಿಗೆ ಇದರಿಂದ ಬಹಳ ಅನುಕೂಲವಾಯಿತು. ಕಾಯಿಲೆಯಲ್ಲವಾದ್ದರಿಂದ ರಜೆ ಕೊಡಬೇಕಾಗಿಲ್ಲ. ಉದ್ಯೋಗಕ್ಕೆ ಸಂಬಂಧಿಸಿದ್ದಾದ್ದರಿಂದ ಸುತ್ತೋಲೆ ಹೊರಡಿಸಬಹುದು.

ಹೊರಡಿಸಿದರು. ಮಾನಸಿಕ ಆರೋಗ್ಯ ಸಿಬ್ಬಂದಿಯ ಕ್ಷೇಮಕ್ಕಾಗಿ ವ್ಯಾಯಾಮ ಕಾರ್ಯಕ್ರಮ, ವಾರಕ್ಕೆ ಎರಡು ದಿನ, ಸಂಜೆ ಕೆಲಸ ಮುಗಿದ ಮೇಲೆ, ಸಭಾಂಗಣದಲ್ಲಿ, ಹಾಜರಿ ಕಡ್ಡಾಯ, ಚಾಪೆ ಅವರವರೇ ತರತಕ್ಕದ್ದು. ‘ಕೆಲಸ ಮುಗಿದ ಮೇಲೆ’ ಎಂಬ ಮೂರು ಪದಗಳನ್ನು ಓದಿದಾಗಲೇ ನಮ್ಮ ವಿಭಾಗದ ಅರ್ಧ ಜನರ ರಕ್ತದೊತ್ತಡ ಏರಿತು. ಕಲ್ಯಾಣ, ವಿರಾರ್ ಕಡೆ ಹೋಗುವವರಿಗೆ ಒಂದು ಗಾಡಿ ತಪ್ಪಿತೆಂದರೆ ರಾತ್ರಿಯ ಲೆಕ್ಕವೇ ತಪ್ಪುತ್ತದೆ.

ತರಬೇತುದಾರ ಬಂದ. ಹುಡುಗ ಒಳ್ಳೆಯವನೇ, ಅವನ ತೋಳು ನನ್ನ ಸೊಂಟದಷ್ಟಿತ್ತು, ನನ್ನ ಸೊಂಟದ ವಿಚಾರ ಈಗ ಬೇಡ. ಮೊದಲ ದಿನ ನಮ್ಮನ್ನೆಲ್ಲ ವೃತ್ತಾಕಾರದಲ್ಲಿ ಕೂರಿಸಿ, ದನಿ ತಗ್ಗಿಸಿ, ‘ಒಂದರಿಂದ ಹತ್ತರೊಳಗೆ ನಿಮ್ಮ ಸ್ಟ್ರೆಸ್ ಎಷ್ಟು?’ ಎಂದು ಕೇಳಿದ. ನಾವು ಮುಖ ಮುಖ ನೋಡಿಕೊಂಡೆವು. ಇದು ನಮ್ಮದೇ ಅಂಗಡಿಯ ಸರಕು! ದಿನಬೆಳಗಾದರೆ ನಾವು ಬಂದವರಿಗೆಲ್ಲ ಕೇಳುವ ಪ್ರಶ್ನೆ. ಬಂದವರು ಸಾಮಾನ್ಯವಾಗಿ ‘ಏಳು’ ಎನ್ನುತ್ತಾರೆ. ಹತ್ತು ಎಂದರೆ ಅಡ್ಮಿಟ್ ಮಾಡಿಯಾರು, ಮೂರು ಎಂದರೆ ಮನೆಗೆ ಕಳಿಸಿಯಾರು ಎಂಬ ಅಂದಾಜು ಇರಬೇಕು. ನಾವೂ ಸಾಲಾಗಿ ಏಳು, ಏಳು, ಏಳು ಎಂದು ಹೇಳಿ ಕೈತೊಳೆದುಕೊಂಡೆವು.

ಅವನು ಕಲಿಸಿದ್ದರಲ್ಲಿ ನನಗೆ ಸರಾಗವಾಗಿ ಬಂದದ್ದು ಶವಾಸನ. ನನಗೊಬ್ಬಳಿಗೇ ಅಲ್ಲ, ಇಡೀ ವಿಭಾಗಕ್ಕೇ ಅದು ದೈವದತ್ತವಾಗಿತ್ತು. ಒಂದು ಸಂಜೆ ‘ಬಲಗಾಲಿನ ಹೆಬ್ಬೆರಳು ಸಡಿಲ... ಎಡಗಾಲಿನ ಹೆಬ್ಬೆರಳು ಸಡಿಲ...’ ಎಂದು ಹೇಳುತ್ತ ಹೇಳುತ್ತ ಮಂಡಿವರೆಗೆ ಬಂದಿದ್ದ, ಅಷ್ಟರಲ್ಲಿ ಅವನ ಫೋನು ಬಂತು. ಹೊರಗೆ ಹೋದ. ಮಂಡಿಯಿಂದ ಮೇಲಿನ ಭಾಗ ಸಡಿಲಿಸಲು ನಮಗೆ ಯಾರ ನೆರವೂ ಬೇಕಾಗಲಿಲ್ಲ. ಹಿರಿಯ ಮನೋವೈದ್ಯರು ಗೊರಕೆಯ ಷಡ್ಜ ಹಿಡಿದರು, ಸಮಾಜ ಕಾರ್ಯಕರ್ತೆಯೊಬ್ಬರು ಪಂಚಮದಲ್ಲಿ ಸೇರಿದರು. ಸಭಾಂಗಣಕ್ಕೆ ಗಾಜಿನ ಬಾಗಿಲು. ಔಷಧದ ಚೀಟಿಗೆ ರುಜು ಬೇಕೆಂದು ಹುಡುಕಿಕೊಂಡು ಬಂದ ಒಬ್ಬ ತಾಯಿ, ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಗಾಜಿನಲ್ಲಿ ಇಣುಕಿ ನೋಡಿದರಂತೆ. ವಾಚ್‌ಮನ್ ನಮ್ಮನ್ನು ಎಬ್ಬಿಸಲು ಹೊರಟಾಗ ಆಕೆ ತಡೆದರಂತೆ. ‘ಮಲಗಲಿ ಬಿಡಿ ಪಾಪ. ದಿನಾ ನಮ್ಮ ಗೋಳು ಕೇಳ್ತಾರೆ. ನಾಳೆ ಬರ್ತೇನೆ.’ ಇದನ್ನು ವಾಚ್‌ಮನ್ ಮರುದಿನ ಹೇಳಿದ. ನಮ್ಮನ್ನು ಎಬ್ಬಿಸಿದ್ದು ಮಾತ್ರ ಬೇರೆಯವರು. ಆ ಹೊತ್ತಿಗೆ ಆ ಸಭಾಂಗಣವನ್ನು ಆರ್ಥಿಕ ಸಮಿತಿಯ ಸಭೆಗೆ ಕಾಯ್ದಿರಿಸಿದ್ದರು. ಸಮಿತಿಯ ಮಾನ್ಯ ಸದಸ್ಯರು ಫೈಲು ಹಿಡಿದು ಒಳಬಂದು ನೋಡಿದರೆ ನೆಲದ ತುಂಬ ಮಾನಸಿಕ ಆರೋಗ್ಯ. ದಾಟಿಕೊಂಡೇ ಹೋಗಿ ಕುರ್ಚಿ ಹಿಡಿದರು.

ಯೋಗದ ವಿಷಯದಲ್ಲಿ ನಮ್ಮ ಮುಂಬಯಿ ಸಾಮಾನ್ಯ ಊರಲ್ಲ, ಅದನ್ನೂ ಹೇಳಿಬಿಡಬೇಕು. ಶ್ರೀ ಯೋಗೇಂದ್ರರು ವರ್ಸೋವಾದ ಕಡಲ ಬದಿಯಲ್ಲಿ 1918ರಲ್ಲಿ ತೆರೆದ ಯೋಗ ಸಂಸ್ಥೆ ಈಗ ಸಾಂತಾಕ್ರೂಜ್‌ನಲ್ಲಿದೆ, ನೂರು ವರ್ಷ ದಾಟಿದೆ. ಕಾಡಿನ ಗುಹೆಯಲ್ಲಿ ಕೂತವರ ವಿದ್ಯೆಯನ್ನು ಸಂಸಾರಿಗಳ ಬೈಠಕ್‌ಖಾನೆಗೆ ತಂದವರು ಅವರು. ಲೋಣಾವಳೆಯ ಸ್ವಾಮಿ ಕುವಲಯಾನಂದರ ಕೈವಲ್ಯಧಾಮದ ಶಾಖೆ ಮರೀನ್ ಡ್ರೈವ್‌ನಲ್ಲಿದೆ, ಅಲ್ಲಿ ಪ್ರಾಣಾಯಾಮ ಮಾಡುವವರಿಗೆ ಸಮುದ್ರದ ಗಾಳಿ ಬಿಟ್ಟಿ. ಶಿವಾಜಿ ಪಾರ್ಕಿನ ಸಮರ್ಥ ವ್ಯಾಯಾಮ ಮಂದಿರದಲ್ಲಿ ಮಲ್ಲಕಂಬ. ಅಲ್ಲಿಯ ಉದಯ್ ದೇಶಪಾಂಡೆಯವರು ಕಣ್ಣು ಕಾಣದ ಮಕ್ಕಳಿಗೂ ಕಂಬ ಹತ್ತಲು ಕಲಿಸಿದವರು, 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಈ ಸುದ್ದಿ ಓದಿದ ನಮ್ಮ ವಿಭಾಗದ ಮುಖ್ಯಸ್ಥರು ‘ನಾವೂ ಯಾಕೆ ಮಲ್ಲಕಂಬ ಮಾಡಬಾರದು?’ ಎಂದು ಊಟದ ಹೊತ್ತಿಗೆ ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಮುಖ್ಯಸ್ಥರ ತೂಕ ತೊಂಬತ್ತು ಕಿಲೋ. ಕಂಬದ ಕ್ಷೇಮವನ್ನೂ ನೋಡಬೇಕಲ್ಲ.

ಮಲ್ಲಕಂಬ ತಪ್ಪಿತು, ನಗೆ ಬಂತು. ನಗೆಕೂಟವೂ ಈ ಊರಿನದೇ ಸರಕು. ಅಂಧೇರಿಯ ಲೋಖಂಡವಾಲಾದ ಉದ್ಯಾನದಲ್ಲಿ 1995ರ ಮಾರ್ಚ್ 13ರ ಬೆಳಿಗ್ಗೆ ಡಾ. ಮದನ್ ಕಟಾರಿಯಾ ಎಂಬ ವೈದ್ಯರು ಐದೇ ಜನರನ್ನು ನಿಲ್ಲಿಸಿಕೊಂಡು ಶುರುಮಾಡಿದ್ದು ಈಗ ಲೋಕದ ಎಷ್ಟೋ ದೇಶಗಳಲ್ಲಿ ನಡೆಯುತ್ತದೆ. ಮೊದಮೊದಲು ಅವರು ಜೋಕು ಹೇಳಿ ನಗಿಸುತ್ತಿದ್ದರು. ಎರಡು ವಾರದಲ್ಲಿ ಒಳ್ಳೆಯ ಜೋಕುಗಳೆಲ್ಲ ಖರ್ಚಾಗಿ, ಉಳಿದವು ಹೆಂಗಸರ ಮುಂದೆ ಹೇಳುವಂಥವಲ್ಲವಾದ್ದರಿಂದ, ಜೋಕೇ ಇಲ್ಲದೆ ನಗುವ ಉಪಾಯ ಕಂಡುಕೊಂಡರು. ಯೋಗ ಬಲ್ಲ ಅವರ ಹೆಂಡತಿಯಿಂದ ಉಸಿರಾಟದ ಕ್ರಮ ಸೇರಿತು. ಉದ್ಯಾನದಲ್ಲಿ ಇದು ಬಹಳ ಚೆಂದ. ಆದರೆ ಮನೋರೋಗ ವಿಭಾಗದ ಪಕ್ಕದ ಸಭಾಂಗಣದಲ್ಲಿ ಹದಿನೈದು ಜನ ನೌಕರರು ಎರಡೂ ಕೈ ಮೇಲೆತ್ತಿ, ಕಾರಣವಿಲ್ಲದೆ, ಹೋ ಹೋ ಹಾ ಹಾ ಎಂದು ಶುರುಮಾಡಿದರೆ ಹೇಗಿರುತ್ತದೆ ಹೇಳಿ? ಮೊಗಸಾಲೆಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಗಪ್‌ಚುಪ್ಪಾದರಂತೆ. ಒಬ್ಬ ಅಜ್ಜ ನರ್ಸನ್ನು ಕರೆದು ಬಹಳ ಮರ್ಯಾದೆಯಿಂದ ಕೇಳಿದರಂತೆ: ‘ಇನ್ ಲೋಗೋಂ ಕಾ ಇಲಾಜ್ ಕೌನ್ ಕರ್ತಾ ಹೈ?’

ನರ್ಸ್ ನಗುತ್ತ ಬಂದು ಹೇಳಿದಳು, ನಾವೂ ಈ ಸಲ ಕಾರಣವಿದ್ದು ನಕ್ಕೆವು. ಇವರಿಗೆ ಮದ್ದು ಮಾಡುವವರು ಯಾರು ಎಂಬ ಅಜ್ಜನ ಪ್ರಶ್ನೆ ನನಗೆ ಆಮೇಲೆ ಗಾಡಿಯಲ್ಲಿ ಭಾಂಡುಪ್‌ವರೆಗೂ ಕುಟುಕುತ್ತಿತ್ತು.

ವ್ಯಾಯಾಮದಿಂದ ಮನಸ್ಸಿಗೆ ಒಳ್ಳೆಯದು ಎನ್ನುವುದರಲ್ಲಿ ನನಗೇನೂ ಅನುಮಾನವಿಲ್ಲ, ತಪ್ಪು ತಿಳಿಯಬೇಡಿ. ಬಂದವರಿಗೆಲ್ಲ ನಾನೇ ದಿನವೂ ಹೇಳುತ್ತೇನೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಬ್ಲೂಮೆಂತಾಲ್ ಎಂಬವರು ಖಿನ್ನತೆಯಿದ್ದ, ಐವತ್ತು ದಾಟಿದ 156 ಜನರಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಹದಿನಾರು ವಾರಗಳ ಕೊನೆಗೆ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಚೇತರಿಸಿಕೊಂಡಿದ್ದರು. 1999ರಲ್ಲಿ ಇದು ಪ್ರಕಟವಾಯಿತು. ಮಾತ್ರೆ ಬೇಗ ಹಿಡಿಯಿತು, ನಡಿಗೆ ನಿಧಾನಕ್ಕೆ. ವಾರಕ್ಕೆ 150 ನಿಮಿಷವಾದರೂ ಚುರುಕಾಗಿ ಮೈ ಆಡಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನಾನು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದು ಕೊಡುತ್ತೇನೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂದು ಮೊಬೈಲು ಹಟ ಹಿಡಿಯುತ್ತದಲ್ಲ, ಆ ಸಂಖ್ಯೆ 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರವೊಂದರ ಮಾರಾಟದಿಂದ ಹುಟ್ಟಿದ್ದು, ವೈದ್ಯರು ಹೇಳಿದ್ದಲ್ಲ, ಅದಕ್ಕೆ ಹೆದರಬೇಡಿ ಎಂದೂ ಧೈರ್ಯ ತುಂಬುತ್ತೇನೆ. ಇಷ್ಟೆಲ್ಲ ಹೇಳಿ, ಅವರನ್ನು ನಡೆಯಲು ಕಳಿಸಿ, ನಾನು ಕುರ್ಚಿಯಲ್ಲೇ ಕೂತಿರುತ್ತೇನೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಾನುವಾರ ನಾವಿಬ್ಬರೂ ನಡೆಯಲು ಹೋಗುವುದುಂಟು. ಯಜಮಾನರಿಗೆ ಮಾಟುಂಗಾದ ಫೈವ್ ಗಾರ್ಡನ್ಸ್ ಎಂದರೆ ಪ್ರಾಣ. ಮುಲುಂಡಿನಲ್ಲಿ ಉದ್ಯಾನಗಳಿಲ್ಲವೇ ಎಂದರೆ, ಅಲ್ಲಿನ ಮರಗಳ ನೆರಳೇ ಬೇರೆ ಎನ್ನುತ್ತಾರೆ. ನೆರಳಿನ ಮರ್ಮ ನನಗೆ ಗೊತ್ತು. ಎರಡು ಸುತ್ತು ಹಾಕುವಷ್ಟರಲ್ಲಿ ಅವರ ಹೆಜ್ಜೆ ತಾನಾಗಿ ಸ್ಟೇಷನ್ ಕಡೆ ತಿರುಗುತ್ತದೆ. 1939ರ ರಾಮ್ ಆಶ್ರಯದ ಮುಂದೆ ಸಾಲು ನಿಂತಿರುತ್ತದೆ, ಸಾಲಿನಲ್ಲಿ ನಿಲ್ಲುವುದನ್ನೂ ಅವರು ವ್ಯಾಯಾಮದ ಖಾತೆಗೇ ಜಮಾ ಮಾಡುತ್ತಾರೆ. ಇಡ್ಲಿ, ಮೇಲೆ ತುಪ್ಪ ಬಿಟ್ಟ ಅನಾನಸು ಶಿರಾ, ಫಿಲ್ಟರ್ ಕಾಫಿ. ಮೈಸೂರು ಅಸೋಸಿಯೇಷನ್ನಿನಲ್ಲಿ ಏನಾದರೂ ಕಾರ್ಯಕ್ರಮವಿದ್ದರೆ ಅಲ್ಲಿ ಹೋಗಿ ಮತ್ತೆ ಕೂರುವುದು. ಒಂದು ಬೆಳಗಿನ ನಡಿಗೆಯಿಂದ ನಾವು ಕಳೆದುಕೊಂಡ ತೂಕ ಎಷ್ಟು, ಗಳಿಸಿದ್ದು ಎಷ್ಟು ಎಂಬ ಲೆಕ್ಕವನ್ನು ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತರಾದ ಅವರೇ ಮಾಡುವುದಿಲ್ಲ.

ಲೆಕ್ಕ ಎಂದಾಗ ಲಂಡನ್ನಿನ ಬಸ್ಸು ನೆನಪಾಗುತ್ತದೆ. ಜೆರೆಮಿ ಮಾರಿಸ್ ಎಂಬ ವೈದ್ಯರು ಅಲ್ಲಿಯ ಡಬಲ್‌ ಡೆಕರ್ ಬಸ್ಸುಗಳ ನೌಕರರನ್ನು ಗಮನಿಸಿ 1953ರಲ್ಲಿ ಪ್ರಕಟಿಸಿದ ಸಂಗತಿ ಇದು. ಒಂದೇ ಬಸ್ಸು, ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಬಗೆಯ ಮನೆಗಳಿಂದ ಬಂದ ಗಂಡಸರು. ಆದರೆ ದಿನವಿಡೀ ಕೂತು ಓಡಿಸುವ ಡ್ರೈವರ್‌ಗಳಿಗೆ ಹೃದಯಾಘಾತ ಜಾಸ್ತಿ, ಟಿಕೆಟಿಗಾಗಿ ದಿನಕ್ಕೆ ಐನೂರು ಆರುನೂರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಕಡಿಮೆ. ವ್ಯಾಯಾಮದ ಬಗ್ಗೆ ಇವತ್ತು ಲೋಕ ಆಡುವ ಮಾತಿನ ಬೇರು ಅಲ್ಲಿದೆ. ನಮ್ಮ ಬೆಸ್ಟ್‌ನ ಹಳೆಯ ಕೆಂಪು ಡಬಲ್ ಡೆಕರ್‌ಗಳಲ್ಲಿ ಚೀಟಿಯ ಪೆಟ್ಟಿಗೆ ಟಕಟಕ ಎನ್ನಿಸುತ್ತ ಮೇಲೆ ಕೆಳಗೆ ಆಡುತ್ತಿದ್ದ ಕಂಡಕ್ಟರ್‌ಗಳನ್ನು ನಾನು ಕಂಡಿದ್ದೇನೆ. 2023ರ ಸೆಪ್ಟೆಂಬರ್ 15ರಂದು ಆ ಬಸ್ಸುಗಳಲ್ಲಿ ಕೊನೆಯದು ರಸ್ತೆಯಿಂದ ಇಳಿಯಿತು, ಜನ ಹಾರ ಹಾಕಿ ಕಳಿಸಿಕೊಟ್ಟರು. ಆಸ್ಪತ್ರೆಯಲ್ಲೂ ನಾವು ಎರಡು ಜಾತಿ. ಕೌನ್ಸೆಲರ್‌ಗಳು ಡ್ರೈವರ್ ಜಾತಿ. ನರ್ಸುಗಳು, ವಾರ್ಡ್‌ಬಾಯ್‌ಗಳು, ಆಯಾಗಳು ಕಂಡಕ್ಟರ್ ಜಾತಿ.

ನಮ್ಮ ಸುತ್ತೋಲೆ ಎಡವಿದ್ದು ಇಲ್ಲೇ ಎಂದು ನನಗನ್ನಿಸುತ್ತದೆ. ಇಬ್ಬರಿಗೂ ಒಂದೇ ಕಷಾಯ ಅರೆದುಬಿಟ್ಟರು. ಕೂತು ಕೂತು ಜಡ್ಡುಗಟ್ಟಿದ ನನಗೂ ಸೂರ್ಯನಮಸ್ಕಾರ, ಎಂಟು ಗಂಟೆ ನಿಂತು, ಓಡಿ, ಉದ್ವೇಗಗೊಂಡ ರೋಗಿಯನ್ನು ಸಂತೈಸಿ, ಹಾಸಿಗೆ ಬದಲಿಸಿ ಬಂದ ನರ್ಸಿಗೂ ಸೂರ್ಯನಮಸ್ಕಾರ. ಹಿರಿಯ ನರ್ಸೊಬ್ಬಳು ಚಪ್ಪಲಿ ಕಳಚಿ ಊದಿದ ಪಾದ ತೋರಿಸಿ, ‘ನಿಮಗೆ ನಡೆಸುವ ಪ್ರೋಗ್ರಾಮ್ ಮಾಡಲಿ, ನಮಗೆ ಕೂರಿಸುವ ಪ್ರೋಗ್ರಾಮ್ ಮಾಡಲಿ’ ಎಂದಳು. ಹಿಮ್ಮಡಿಯ ಬಿರುಕಿನಲ್ಲಿ ಅಯೋಡಿನ್ನಿನ ಕಂದು ಬಣ್ಣ, ಹೆಬ್ಬೆರಳಿಗೆ ಬ್ಯಾಂಡೇಜು. ಠಾಣೆಯ ಪ್ರಾದೇಶಿಕ ಮನೋರುಗ್ಣಾಲಯದ ಬದಿಯಿಂದ ಹಾದುಹೋಗುವಾಗಲೆಲ್ಲ ನನಗೆ ಈ ಪಾದ ಕಣ್ಣಿಗೆ ಕಟ್ಟುತ್ತದೆ. 1901ರಿಂದ ನಡೆದುಬಂದ ದೊಡ್ಡ ಆಸ್ಪತ್ರೆ ಅದು, ವಿಶಾಲವಾದ ಆವರಣ, ಹಳೆಯ ಮರಗಳು. ಒಂದು ವಾರ್ಡಿನಿಂದ ಇನ್ನೊಂದಕ್ಕೆ ಎಷ್ಟು ತಲೆಮಾರಿನ ದಾದಿಯರು ಎಷ್ಟು ಗಾವುದ ನಡೆದಿರಬೇಡ! ಠಾಣೆ ಮುಲುಂಡಿನ ನಡುವೆ ಬರಲಿರುವ ಹೊಸ ರೈಲು ನಿಲ್ದಾಣಕ್ಕೂ ಆ ಆವರಣದ ಒಂದು ಪಾಲು ಹೋಗುತ್ತದೆ. ಮುಂಬಯಿಯಲ್ಲಿ ಖಾಲಿ ಜಾಗ ಕಂಡರೆ ಅದನ್ನು ಸುಮ್ಮನೆ ಬಿಡುವ ಪದ್ಧತಿಯಿಲ್ಲ.

ಖಾಲಿ ಹುದ್ದೆಯನ್ನು ಮಾತ್ರ ಎಷ್ಟು ಕಾಲವಾದರೂ ಬಿಡುತ್ತಾರೆ. ನಮ್ಮಲ್ಲಿ ಕೌನ್ಸೆಲರ್ ಹುದ್ದೆಗಳು ತುಂಬದೆ ಬಿದ್ದಿವೆ. ಅವರು ನೋಡಬೇಕಾದವರನ್ನೂ ಉಳಿದವರೇ ನೋಡುತ್ತೇವೆ. ಸೆಷನ್ನಿಗೂ ಸೆಷನ್ನಿಗೂ ನಡುವೆ ಉಸಿರು ಬಿಡಲು ಹತ್ತು ನಿಮಿಷ ಸಿಗುವಂತಿದ್ದರೆ ಸಂಜೆಯ ಪ್ರಾಣಾಯಾಮಕ್ಕೆ ಇಷ್ಟು ಗಡಿಬಿಡಿ ಬೇಕಿರಲಿಲ್ಲ. ಜನ ಕೊಡುವುದಕ್ಕಿಂತ ಚಾಪೆ ಕೊಡುವುದು ಅಗ್ಗ, ನಮಗಂತೂ ಚಾಪೆಯನ್ನೂ ಕೊಡಲಿಲ್ಲ. ಇದನ್ನು ನಾನು ಸಭೆಯಲ್ಲಿ ಹೇಳಿದೆ. ‘ನೀವು ಬಹಳ ನೆಗೆಟಿವ್ ಆಗಿದ್ದೀರಿ, ಎರಡು ತರಗತಿ ಜಾಸ್ತಿ ಮಾಡಿ’ ಎಂಬ ಸಲಹೆ ಸಿಕ್ಕಿತು.

ಸತ್ಯ ಹೇಳಬೇಕೆಂದರೆ ನನ್ನ ವ್ಯಾಯಾಮ ಕಾರ್ಯಕ್ರಮ ನಡೆಯುವುದು ಸಭಾಂಗಣದಲ್ಲಿ ಅಲ್ಲ. ನಮ್ಮ ವಿಭಾಗದಲ್ಲೊಬ್ಬಳು ಮಾವಶಿ ಇದ್ದಾಳೆ. ಮುಂಬಯಿಯ ಆಸ್ಪತ್ರೆಗಳಲ್ಲಿ ಆಯಾಗಳೆಲ್ಲ ಮಾವಶಿಗಳೇ. ರತ್ನಾಗಿರಿ ಕಡೆಯವಳು, ಕಚ್ಚೆ ಸೀರೆ, ತೆಳ್ಳಗೆ, ಮಾತು ಸಿಡಿಮದ್ದು. ಯಾವುದೋ ಭಾರವಾದ ಸೆಷನ್ ಮುಗಿಸಿ ನಾನು ಬಾಗಿಲು ತೆರೆದರೆ, ಬಂದವರು ಮುಖ ಒರೆಸಿಕೊಂಡು ಹೊರಟುಹೋದ ಮೇಲೆ, ಇವಳು ಒಳಗೆ ಕಣ್ಣು ಹಾಯಿಸುತ್ತಾಳೆ. ಕಾಗದದ ಕರವಸ್ತ್ರದ ಡಬ್ಬಿ ಎಷ್ಟು ಖಾಲಿಯಾಗಿದೆ ಎಂದು ನೋಡಿಯೇ ಸೆಷನ್ನಿನ ತೂಕ ಅವಳಿಗೆ ತಿಳಿಯುತ್ತದೆ. ಏನಾಯಿತು ಎಂದು ಕೇಳುವುದಿಲ್ಲ, ಕೇಳಿದರೂ ನಾನು ಹೇಳುವಂತಿಲ್ಲ. ‘ಚಲಾ’ ಎನ್ನುತ್ತಾಳೆ. ಮಧ್ಯಾಹ್ನದ ರೋಗಿಗಳು ಶುರುವಾಗುವುದರೊಳಗೆ ಮೆಟ್ಟಿಲಿಳಿದು, ಹಿಂದಿನ ಗೇಟಿನಿಂದ ಔಷಧಿ ಅಂಗಡಿಯ ಮೂಲೆವರೆಗೆ ಹೋಗಿ ವಾಪಸ್ಸು. ಅವಳು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ದಾರಿಯುದ್ದಕ್ಕೂ ಒಂದೇ ವಾಗ್ಝರಿ: ಬೊಂಬಿಲ್ ಮೀನಿನ ದರ ಏರಿದ್ದು, ಸೊಸೆ ಟೀವಿಯ ಮುಂದಿನಿಂದ ಏಳದಿರುವುದು, ಚಾಳಿನ ನಳದಲ್ಲಿ ನೀರು ನಾಲ್ಕು ಗಂಟೆಗೇ ನಿಲ್ಲುವುದು. ನಾನು ಹೂಂಗುಟ್ಟುವ ಅಗತ್ಯವೂ ಇಲ್ಲ. ಒಂದೇ ಒಂದು ಸಲ ನನ್ನ ಕಸುಬಿನ ಚಾಳಿಯಿಂದ ‘ಅದರಿಂದ ನಿನಗೆ ಏನನ್ನಿಸಿತು ಮಾವಶಿ?’ ಎಂದು ಕೇಳಿಬಿಟ್ಟೆ. ಅವಳು ನಿಂತು, ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನನ್ನಿಸೋದು? ಮೀನು ತುಟ್ಟಿ ಅನ್ನಿಸಿತು’ ಎಂದಳು. ವಾಪಸ್ಸು ಬಂದು ಕುರ್ಚಿಯಲ್ಲಿ ಕೂರುವಾಗ ಹೆಗಲ ಗಂಟು ಸಡಿಲವಾಗಿರುತ್ತದೆ.

ಕಾರ್ಯಕ್ರಮದ ಕೊನೆಯಲ್ಲಿ ಅಭಿಪ್ರಾಯದ ಫಾರ್ಮು ಬಂತು. ತರಬೇತುದಾರ ಸಮಯಪಾಲಕನೇ? ಒಂದರಿಂದ ಐದು. ಸಭಾಂಗಣ ಸ್ವಚ್ಛವಿತ್ತೇ? ಒಂದರಿಂದ ಐದು. ಎಲ್ಲಕ್ಕೂ ನಾಲ್ಕು ಹಾಕಿದೆ, ಹುಡುಗನ ಹೊಟ್ಟೆಪಾಡು ನೋಡಬೇಕಲ್ಲ. ‘ಇತರ ಸಲಹೆಗಳು’ ಎಂಬಲ್ಲಿ ಮಾತ್ರ ಮನಸ್ಸು ಬಿಚ್ಚಿ ಬರೆದೆ: ನಡಿಗೆ ಕೆಲಸದ ಹೊತ್ತಿನಲ್ಲೇ ಇರಲಿ, ವಾರ್ಡಿನವರಿಗೆ ಕಾಲು ಚಾಚುವ ಕೋಣೆಯಿರಲಿ, ನಮ್ಮ ಮಾವಶಿಯನ್ನು ಈ ಕಾರ್ಯಕ್ರಮದ ಮಾರ್ಗದರ್ಶಕಿಯಾಗಿ ನೇಮಿಸಲಿ. ಆಡಳಿತ ವಿಭಾಗದವರು ಯಾವ ಸಲಹೆಗೂ ಉತ್ತರ ಕೊಡುವ ಪೈಕಿ ಅಲ್ಲ, ಇದಕ್ಕೆ ಕೊಟ್ಟರು. ಸದರಿ ಮಹಿಳೆ ಗುತ್ತಿಗೆ ನೌಕರಳಾದ ಕಾರಣ ಸಿಬ್ಬಂದಿ ಕ್ಷೇಮ ಕಾರ್ಯಕ್ರಮದ ವ್ಯಾಪ್ತಿಗೆ ಬರುವುದಿಲ್ಲ ಎಂದು.

ಮಾವಶಿಗೆ ಅದನ್ನು ಮರಾಠಿಯಲ್ಲಿ ಓದಿ ಹೇಳಿದೆ. ಬೇಸರವೇನೂ ಮಾಡಿಕೊಳ್ಳಲಿಲ್ಲ. ಆ ತೋಳಿನ ಹುಡುಗನಿಗೆ ಗಂಟೆಗೆ ಎಷ್ಟು ಕೊಡುತ್ತಾರೆ ಎಂದು ಕೇಳಿದಳು. ಹೇಳಿದೆ. ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ, ಬಾಯಿಗೆ ಸೆರಗು ಹಿಡಿದು ನಕ್ಕಳು ನೋಡಿ, ಕಟಾರಿಯಾ ಡಾಕ್ಟರು ಕಂಡಿದ್ದರೆ ಅಲ್ಲೇ ಸರ್ಟಿಫಿಕೇಟ್ ಬರೆದುಕೊಡುತ್ತಿದ್ದರು. ಹಾಗಾದರೆ ನಾಳೆಯಿಂದ ತನಗೂ ಫೀಸು ಬೇಕೆಂದಳು, ಮೂಲೆಯ ಟಪರಿಯಲ್ಲಿ ಒಂದು ಕಟಿಂಗ್ ಚಹಾ. ಒಪ್ಪಿದೆ. ಮೊನ್ನೆಯಿಂದ ದರ ಏರಿಸಿದ್ದಾಳೆ. ಚಹಾದ ಜೊತೆ ವಡಾಪಾವ್, ಅದರಲ್ಲಿ ಹುರಿದ ಹಸಿಮೆಣಸು ಎರಡಿರಬೇಕು.